ಮೂರನೆಯ ಸಹಿ

ಕಡತ ನನ್ನ ಮೇಜಿಗೆ ಬಂದು ಹನ್ನೊಂದು ದಿನ.
ಇಬ್ಬರದು ಮುಗಿದಿದೆ: ಒಬ್ಬರು ‘ಆಗಬಹುದು’ ಎಂದಿದ್ದಾರೆ,
ಇನ್ನೊಬ್ಬರು ಕೆಂಪು ಶಾಯಿಯಲ್ಲಿ,
‘ವಾರಾಂತ್ಯದ ಪದವಿ. ಪಿಎಚ್.ಡಿ.ಗೆ ಅರ್ಹವಲ್ಲ.’
ಉಳಿದದ್ದು ಮೂರನೆಯ ಗೆರೆ.
ಅದರ ಕೆಳಗೆ ನನ್ನ ಹೆಸರನ್ನು ಮೊದಲೇ ಟೈಪು ಮಾಡಿಟ್ಟಿದ್ದಾರೆ.

ದಮಯಂತಿ ಬೆಳ್ಯಪ್ಪ, ಮೂವತ್ತೆಂಟು,
ಸುಂಟಿಕೊಪ್ಪದಾಚೆ ಒಂದು ಕಾಫಿ ತೋಟದಲ್ಲಿ ರೈಟರು.
ಏಳೂವರೆಗೆ ಆಳುಗಳ ಹಾಜರಿ.
ಅದಕ್ಕೂ ಮೊದಲು ಮಳೆಮಾಪಕದ ನೀರನ್ನು
ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು
ಇಂಚು, ಸೆಂಟು.
ಎಂ.ಎಸ್ಸಿ. ಭೂಗೋಳ: ಶನಿವಾರ, ಭಾನುವಾರ, ಎರಡು ವರ್ಷ.
ಈಗ ಕೇಳುತ್ತಿರುವುದು,
ಹೂಮಳೆ ಒಂದು ಗುಡ್ಡಕ್ಕೆ ಬಿದ್ದು ಪಕ್ಕದ ಗುಡ್ಡವನ್ನು
ಯಾಕೆ ಬಿಟ್ಟುಹೋಗುತ್ತದೆ ಎಂದು.

ಸಂದರ್ಶನವನ್ನು ಬುಧವಾರ ಇಟ್ಟಿದ್ದೆವು.
ಸಂಬಳ ಕಡಿಸಿಕೊಂಡು ಬಂದಿದ್ದಳು.
ಕೆಂಪು ಶಾಯಿಯವರು ಕೇಳಿದರು:
‘ವಾರಕ್ಕೆರಡು ದಿನ ಓದಿದ್ದು ಓದೇನಮ್ಮ?
ಲೈಬ್ರರಿಯಲ್ಲಿ ಕೂತದ್ದೆಷ್ಟು?
ಒಂದೇ ಪುಟದ ಮುಂದೆ ಸುಮ್ಮನೆ ಬೇಸರಪಟ್ಟುಕೊಂಡ
ಮಧ್ಯಾಹ್ನಗಳೆಷ್ಟು?’
ಪ್ರಶ್ನೆ ಕೆಟ್ಟದ್ದಲ್ಲ. ಬೇಸರವೂ ಒಂದು ಪಾಠವೇ,
ಅದಕ್ಕೆ ಬಿಡುವು ಬೇಕು.

ಅವಳು ಚೀಲದಿಂದ ಜೆರಾಕ್ಸಿನ ಕಟ್ಟು ತೆಗೆದಿಟ್ಟಳು.
ಹದಿನಾಲ್ಕು ವರ್ಷದ ಮಳೆ.
‘ನಲವತ್ತೊಂದು ದಿನ ಕೈಬರಹ ಬೇರೆಯದು ಸಾರ್,
ನನ್ನ ಬಾಣಂತನ.
ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ.’
‘ಅಂಕಿ ಬರೆಯುವುದು ಸಂಶೋಧನೆಯಲ್ಲ’ ಎಂದರು ಅವರು.
ಅದೂ ನಿಜ.
ಸಹಸಂಬಂಧದ ಗುಣಾಂಕ ಹೇಗೆ ತೆಗೆಯುತ್ತೀರಿ ಎಂದದ್ದಕ್ಕೆ
ತಡವರಿಸಿದಳು,
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು,
ನನ್ನ ಕಡೆ ನೋಡಲಿಲ್ಲ.

ನೋಡಬಹುದಿತ್ತು. ಆ ಪಾಠ ನನ್ನದು.

ನಾಲ್ಕನೆಯ ಘಟಕ. ಜನವರಿಯ ಒಂದು ಭಾನುವಾರ, ಮಡಿಕೇರಿ,
ಬಾಡಿಗೆಗೆ ಹಿಡಿದ ಹೈಸ್ಕೂಲಿನ ಕೊಠಡಿ,
ಬೋರ್ಡಿನ ಮೇಲೆ ಯಾರೋ ಬಿಟ್ಟುಹೋದ ಲೋಪಸಂಧಿ.
ಮುಂದಿನ ಬೆಂಚಲ್ಲಿ ರಾತ್ರಿಪಾಳಿ ಮುಗಿಸಿ ಬಂದ ನರ್ಸು,
ಹಿಂದೆ ಖಾಕಿಯಲ್ಲೇ ಕೂತ ಫಾರೆಸ್ಟ್ ಗಾರ್ಡು,
ಕರೆಂಟಿನ ಲೈನ್‌ಮ್ಯಾನು, ಅವನ ಬೂಟಿನ ಕೆಸರು.
ಇವಳು ಎಲ್ಲಿ ಕೂತಿದ್ದಳೋ, ನೆನಪಿಲ್ಲ.
ಮೂರು ಘಟಕ ಒಂದೇ ದಿನಕ್ಕೆ ತುರುಕಿ,
ನಾಲ್ಕನೆಯದಕ್ಕೆ ‘ಇದು ಪರೀಕ್ಷೆಗೆ ಬರುವುದಿಲ್ಲ, ಬಿಡಿ’ ಎಂದು
ಮೂರೂವರೆಯ ಮೈಸೂರು ಬಸ್ಸಿಗೆ ಓಡಿದೆ.
ಆ ಗೌರವಧನದಲ್ಲಿ ವಾಷಿಂಗ್ ಮೆಷಿನ್ ಬಂತು.
ಇವತ್ತಿಗೂ ಚೆನ್ನಾಗಿ ತಿರುಗುತ್ತದೆ.

ನಾನು ಮಾತ್ರ ರೆಗ್ಯುಲರ್.
ಸೋಮವಾರದಿಂದ ಶನಿವಾರ, ಹಾಸ್ಟೆಲು, ಮೆಸ್ಸು,
ನನ್ನ ದನಿಯಲ್ಲಿ ‘ಎಸ್ ಸಾರ್’ ಅನ್ನಲು ಒಬ್ಬ ಗೆಳೆಯ.
ಎರಡು ವರ್ಷ ಎಷ್ಟು ನಿದ್ದೆ ಮಾಡಿದೆನೆಂದು
ನನ್ನ ಸರ್ಟಿಫಿಕೇಟಿನಲ್ಲಿ ಯಾರೂ ಬರೆಯಲಿಲ್ಲ.

ಹೋಗುವ ಮುಂಚೆ ಒಂದು ಮಾತು ಹೇಳಿದ್ದಳು,
ವಾದಕ್ಕಲ್ಲ, ತನ್ನ ವಿಷಯ ವಿವರಿಸುತ್ತ:
‘ಮಾರ್ಚಲ್ಲಿ ಒಂದಿಂಚು ಬಿದ್ದರೆ ಸಾಕು ಸಾರ್,
ಒಂಬತ್ತನೇ ದಿನ ತೋಟವೆಲ್ಲ ಬಿಳಿ.
ಆದರೆ ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಲಿಲ್ಲವೋ,
ಕಾಯಿ ನಿಲ್ಲೋದಿಲ್ಲ.
ಗಿಡದ್ದೇನೂ ತಪ್ಪಿರೋದಿಲ್ಲ.’
ಕೆಂಪು ಶಾಯಿಯವರೂ ಅದನ್ನು ಬರೆದುಕೊಂಡರು,
ತಮ್ಮ ಪಕ್ಷಕ್ಕೆ ಒದಗೀತೆಂದು ಇರಬೇಕು.

ಈಗ ಪೆನ್ನು ತೆಗೆದಿದ್ದೇನೆ.
‘ಅರ್ಹ’ ಎಂದು ಬರೆದೆ. ಕೆಳಗೆ ಷರತ್ತು:
‘ಸಂಖ್ಯಾಶಾಸ್ತ್ರದ ನಾಲ್ಕನೆಯ ಘಟಕವನ್ನು ಮತ್ತೆ ಕಲಿಯತಕ್ಕದ್ದು.’
ಯಾರು ಕಲಿಸತಕ್ಕದ್ದು?
ನಮೂನೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಅಂಚಿನಲ್ಲಿ ನನ್ನ ಹೆಸರೇ ಬರೆದು,
ಮುಂದೆ ‘ಶನಿವಾರ’ ಎನ್ನಲು ಹೋದರೆ ಕೈ ನಿಲ್ಲುತ್ತದೆ.
ಶನಿವಾರ ಊರಿಗೆ ಹೋಗಬೇಕು, ಮಗಳು ಬರುತ್ತಾಳೆ.
ಭಾನುವಾರ?

ಜೆರಾಕ್ಸಿನ ಕಟ್ಟು ಇಲ್ಲೇ ಇದೆ. ತಿರುವಿ ನೋಡುತ್ತೇನೆ.
ಎಲ್ಲ ಭಾನುವಾರಕ್ಕೂ ಒಂದು ಸಾಲಿದೆ.
ಹನಿಯೂ ಬೀಳದ ಫೆಬ್ರವರಿಯಲ್ಲೂ
ಎದ್ದುಹೋಗಿ, ಖಾಲಿ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು
ಸೊನ್ನೆ ಎಂದು ಬರೆದಿದ್ದಾಳೆ.