ದುಡ್ಡಿನ ರಜೆ

ಈ ಬುಧವಾರ ಅಮ್ಮ ದುಡ್ಡಿಗೆ ರಜೆ ಕೊಟ್ಟಿದ್ದಾಳೆ.

ಗಿಯಾನ್ಯಾರ್ ಪೇಟೆಯ ಒಳಸಾಲಿನಲ್ಲಿ
ಮೆಣಸಿನಕಾಯಿ, ಅರಿಸಿನ, ಒಣಮೀನು ಮಾರುವವಳು;
ಬಾಲಿಯ ಪಂಚಾಂಗದಲ್ಲಿ ಇನ್ನೂರಹತ್ತು ದಿನಕ್ಕೊಮ್ಮೆ ಬರುವ ಈ ದಿನ
ತಗಡಿನ ಡಬ್ಬಿಯಿಂದ ನೋಟುಗಳನ್ನೆತ್ತಿ
ಮಿಂದ ಮಕ್ಕಳ ತಲೆ ಒರೆಸುವ ಹಾಗೆ ಒರೆಸಿ
ಬಾಳೆಲೆಯ ಮೇಲೆ ಮಲಗಿಸುತ್ತಾಳೆ.
ನಡುವೆ ತೂತಿರುವ ಹಳೇ ಕಾಸಿನ ಸರ,
ತೆಂಗಿನ ಗರಿಯ ತಟ್ಟೆಯಲ್ಲಿ ಹೂವು, ನಾಲ್ಕು ಅಗುಳು,
ಊದುಬತ್ತಿ. ನಾನು ಕೊಡಿಸಿದ ಕ್ಯಾಲ್ಕುಲೇಟರಿಗೂ
ಒಂದು ಎಸಳು.

‘ಶ್ರೀ ಸೆದಾನ ದಣಿದಿದ್ದಾಳೆ,
ಇವತ್ತು ಹೊಸಿಲು ದಾಟಿಸಬಾರದು.’

ನನ್ನ ಸಹಕಾರಿ ಸಂಘದಲ್ಲೂ ಇವತ್ತು ಕಂತು ಕಟ್ಟುವವರಿಲ್ಲ.
ಸಾಲಗಾರರಷ್ಟು ಭಕ್ತರು ಬೇರೆಲ್ಲಿ?

ಅರ್ಥಶಾಸ್ತ್ರ ಓದಿದವಳು ನಾನು.
ಹಣದ ವೇಗವೆಂದು ಗುರುಗಳು ಹಲಗೆಯ ಮೇಲೆ
ಗೀಟೆಳೆದದ್ದು ನೆನಪಿದೆ: ನಿಂತ ಹಣ ಸತ್ತ ಹಣ.
ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಅಂಕ ಬಂತು.
ಆದರೆ ದಿನಾ ಬೆಳಗ್ಗೆ ಬೋಣಿಯ ನೋಟು ಹಿಡಿದು
ಗುಡ್ಡೆ ಗುಡ್ಡೆಯನ್ನೂ ತಟ್ಟುತ್ತ ಹೋಗುವ ಆ ಕೈ,
ಏಳಿ, ಏಳಿ, ಗಿರಾಕಿ ಬಂದ ಅನ್ನುವಂತೆ,
ಅದನ್ನು ಯಾವ ಗೀಟಿನ ಮೇಲೆ ಕೂರಿಸಲಿ?

ಮಧ್ಯಾಹ್ನ ಮಂಜುಗಡ್ಡೆಯ ನೆಂಗಾ ಸುವೇಚ ಬಂದ.
ಬಾಗಿಲ ಹೊರಗೇ ನಿಂತ. ಮಗಳ ಜ್ವರ ಇಳಿದಿಲ್ಲ,
ಮೂರು ಲಕ್ಷ ರುಪಿಯಾ.
ಇವತ್ತು ಯಾವ ದಿನವೆಂದು ಅವನಿಗೂ ಗೊತ್ತು;
ಕೇಳಿದ್ದು ನಮ್ಮನ್ನಲ್ಲ, ತನ್ನ ಚಪ್ಪಲಿಯನ್ನು.

ನಾನು ಪರ್ಸಿಗೆ ಕೈ ಹಾಕಿದೆ. ಅಮ್ಮ ಕಣ್ಣಲ್ಲೇ ಗದರಿದಳು.
ಎದ್ದು, ಬಾಳೆಲೆಯಿಂದ ಮೂರು ನೋಟು ಎಣಿಸಿ
ಅಂಗಳದ ಕಲ್ಲುಗುಡಿಯ ಮೆಟ್ಟಿಲ ಮೇಲಿಟ್ಟು
ಹಾರದಂತೆ ಕಾಸಿನ ಸರ ಹೇರಿ, ಹೂವಿಟ್ಟು,
ಬೆನ್ನು ತಿರುಗಿಸಿ, ಜೋರಾಗಿ, ಗೋಡೆಗೆ:
‘ನಾನಂತೂ ಯಾರಿಗೂ ಕೊಟ್ಟಿಲ್ಲಪ್ಪ.
ದೇವರ ಮುಂದಿನದನ್ನು ಯಾರೋ ತೆಗೆದುಕೊಂಡರೆ
ನಾನೇನು ಕಾವಲಿಗಿದ್ದೇನಾ?’

ಸರವನ್ನು ಅಲ್ಲೇ ಬಿಟ್ಟು
ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಅವನು ಬೈಕು ಹತ್ತಿದ.

ಅಮ್ಮನ ದೊಡ್ಡ ಮನಸ್ಸಿಗೆ ನಾನಿನ್ನೂ
ಒಂದು ಒಳ್ಳೆಯ ಮಾತು ಹುಡುಕುತ್ತಿದ್ದೆ.
ಅಷ್ಟರಲ್ಲಿ ಅವಳು ಕನ್ನಡಕ ಏರಿಸಿ
ಎಣ್ಣೆಜಿಡ್ಡಿನ ಲೆಕ್ಕದ ಪುಸ್ತಕ ಬಿಚ್ಚಿ ಬರೆದಳು:
ಸುವೇಚ, ಮೂರು ಲಕ್ಷ, ತಿಂಗಳಿಗೆ ನೂರಕ್ಕೆ ಎರಡು.

ತಾರೀಕು ಮಾತ್ರ ಗುರುವಾರದ್ದು.