ಮೊಳೆ ಹೊಡೆಯಬಾರದು

ಅಡ್ವಾನ್ಸು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡು
ಪಿಳ್ಳಮ್ಮ ಒತ್ತಿ ಹೇಳಿದ್ದು ಒಂದೇ ಮಾತು:
ಗೋಡೆಗೆ ಮೊಳೆ ಹೊಡೆಯಬಾರದು.

ಒಂದೂವರೆ ರೂಮು. ಆಸ್ಪತ್ರೆ ವಾರ್ಡಿನ ಹಸಿರು.
ಸಜ್ಜೆಯ ಕೆಳಗೆ ಮಾತ್ರ ಯಾವ ಕಾಲದ್ದೋ,
ಬಣ್ಣದವನು ಕೀಳದೆ ಮೇಲೇ ಬಳಿದು ಹೋದ
ಹಸಿರು ಮೊಳೆ ಒಂದು.
ನಾನು ನೋಡಿದೆ. ಅದೂ ನನ್ನನ್ನು ನೋಡಿತು.

ಶಿಡ್ಲಘಟ್ಟದಲ್ಲಿ ಬಿಸಾಡಿದ್ದಕ್ಕೇನೂ ಬರವಿಲ್ಲ.
ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ಬೆನ್ನು ಮುರಿದ ಚಂದ್ರಿಕೆಗಳು
ನೀರೊಲೆಗೆ ಹೋಗಲು ಸಾಲು ನಿಂತಿದ್ದವು.
‘ತಗೊಳ್ಳಮ್ಮ, ಸೌದೆಗೆ ತಾನೆ?’
ಹೂಂ ಅಣ್ಣ, ಅಂದೆ.
ಅಂದಕ್ಕೆ ಅಂದಿದ್ದರೆ ದುಡ್ಡು ಕೇಳುತ್ತಿದ್ದ.

ಮುಂದೆ ನಾನು, ಹಿಂದೆ ಕದಿರೇಶ,
ನಡುವೆ ಆಳೆತ್ತರದ ಬಿದಿರು.
ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಕೇಳಿದರು:
‘ಈ ಸಲ ಬೆಳೆ ಹೆಂಗೆ?’
ಗೇಣು ಜಮೀನಿಲ್ಲದವನು, ಹಾಲಿನ ವ್ಯಾನು ಓಡಿಸುವವನು,
ಗಂಭೀರವಾಗಿ ಹೇಳಿದ: ‘ಪರವಾಗಿಲ್ಲ.’

ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಮೂರು ಬಿಸಿಲು ಕಾಯಿಸಿದೆ.
ಆದರೂ ಬೆಳಗಿನ ಜಾವ ಸೊಪ್ಪಿನ ವಾಸನೆ ಬಿಡುತ್ತದೆ,
ನಿದ್ದೆಗಣ್ಣಲ್ಲಿ ಹುಳ ಮೇಯುವ ಸದ್ದು,
ಎಲ್ಲೋ ದೂರ ಸೋನೆ ಹಿಡಿದಂತೆ.

ನೂಲಿಗೆ ಬಾರದ ಗೂಡುಗಳನ್ನು
ಮುಬೀನಾ ತಂದಳು, ಖಾಲಿ ಊಟದ ಡಬ್ಬಿಯಲ್ಲಿ.
ಕಲೆಯದ್ದು, ತೂತಿನದ್ದು, ಅಂಟಿ ಅವಳಿಯಾದದ್ದು.
ಬಿಸಿನೀರಿನಲ್ಲಿ ಬಿಳಿಚಿದ ಅವಳ ಬೆರಳಿಗೆ
ಎಳೆಯ ತುದಿ ಕಣ್ಮುಚ್ಚಿದರೂ ಸಿಗುತ್ತದೆ,
ಬ್ಲೇಡು ಹಿಡಿಯಲು ಮಾತ್ರ ಭಯ.
ನಾನು ಕೊಯ್ದೆ, ಅವಳು ಬಣ್ಣ ಅದ್ದಿದಳು:
ಬೀಟ್‌ರೂಟಿಗೆ ತಿಳಿಗುಲಾಬಿ, ಅರಿಸಿನಕ್ಕೆ ಹಳದಿ,
ಪಾಲಕ್ಕಿಗೆ ಮತ್ತದೇ ಆಸ್ಪತ್ರೆ.
ಅದನ್ನು ಬಚ್ಚಲಿಗೆ ಚೆಲ್ಲಿ ಇಬ್ಬರೂ ನಕ್ಕೆವು.

ಬಲೂನಿಗೆ ದಾರ ಸುತ್ತಿ ಮೈದಾ ಗಂಜಿ ಬಳಿದು
ದೀಪಕ್ಕೆ ಗೂಡು ಮಾಡಿದೆ.
ರಾತ್ರಿ ಹನ್ನೆರಡಕ್ಕೆ ಅದು ಢಂ ಎಂದು
ಪಕ್ಕದ ಮನೆಯವರು ಸಿಲಿಂಡರ್ ಎಂದು ಹೊರಗೋಡಿದರು.
ಎರಡನೆಯದು ನಿಂತಿತು. ಒಂದು ಕಡೆ ಚಪ್ಪಟೆ.
ಆ ಕಡೆ ಗೋಡೆಗೆ ತಿರುಗಿಸಿದ್ದೇನೆ.

ಅಂಟು ಇಪ್ಪತ್ತು, ಬಲೂನು ಐದು, ಬ್ಲೇಡು ಆರು,
ಬಲ್ಬು ಎಂಬತ್ತು, ಅದಕ್ಕೆ ಮಾತ್ರ ಮನಸ್ಸು ಹಿಂಡಿತು.
ಪರದೆ ಅಮ್ಮನ ವಾಯಿಲ್ ಸೀರೆ,
ಲೆಕ್ಕಕ್ಕೆ ಬರುವುದಿಲ್ಲ.

ಈಗ ಎಲ್ಲವೂ ಆ ಒಂದು ಮೊಳೆಯ ಮೇಲಿದೆ.
ಅರ್ಧ ಕೊಯ್ದ ಚಂದ್ರಿಕೆ, ಅದರ ಸುರುಳಿಗೆ ಸಿಕ್ಕಿಸಿದ ಹೂ,
ಅಲ್ಲಿಂದ ಕಿಟಕಿಯ ಸರಳಿಗೆ ಎಳೆದ ದಾರ,
ದಾರದ ನಡುವೆ ಚಪ್ಪಟೆ ಚಂದ್ರ.
ಮೊಳೆ ಮುನಿಸಿಕೊಂಡರೆ ಮನೆಯೇ ಮಲಗುತ್ತದೆ.

ಐದನೇ ತಾರೀಖು ಪಿಳ್ಳಮ್ಮ ಬಂದಳು.
ಬಾಡಿಗೆ ಮರೆತು ಸಜ್ಜೆಯ ಕೆಳಗೆ ನಿಂತಳು.
‘ಮೊಳೆ ಯಾರು ಹೊಡೆದಿದ್ದು?’
‘ಮೊದಲೇ ಇತ್ತು, ಆಣೆ.’
‘ಇರ್ತದೆ’ ಅಂದಳು. ‘ನಾನೇ ಹೊಡೆದಿದ್ದು.
ಮದುವೆಯಾದ ಹೊಸದು, ತವರಿನ ಕನ್ನಡಿಗೆ.
ನಮ್ಮತ್ತೆ ಎಂಟು ದಿನ ಮಾತಾಡಲಿಲ್ಲ.
ಕನ್ನಡಿ ಇಳಿಸಿಬಿಟ್ಟೆ.
ಇದು ಕಿತ್ತರೆ ಬರಲಿಲ್ಲ.’

ದುಡ್ಡು ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.
ಹೊಸ್ತಿಲಲ್ಲಿ ತಿರುಗಿ ‘ಬಾಗುಂದಿ’ ಅಂದಳು,
ನನಗಲ್ಲ, ಗೋಡೆಗೆ.

ಮಾರನೆಯ ದಿನ ಅವಳ ಮೊಮ್ಮಗ ಕೊಟ್ಟು ಹೋದ
ಪೇಪರಿನ ಪೊಟ್ಟಣದಲ್ಲಿ ಮೂರು ಮೊಳೆ,
ತುಕ್ಕು ಉಜ್ಜಿ ಎಣ್ಣೆ ಸವರಿದ್ದು.

ಇನ್ನೂ ಹೊಡೆದಿಲ್ಲ.
ಉಳಿದಿದ್ದ ಹಳದಿ ಗೂಡೊಂದರಲ್ಲಿ ಹಾಕಿಟ್ಟಿದ್ದೇನೆ.
ಮಾರ್ಕೆಟ್ಟಿನಲ್ಲಿ ಗೂಡು ನೋಡುವವರ ಹಾಗೆ
ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ.
ಒಳಗೆ ಗಟ್ಟಿ ಸದ್ದು.