ಮೂರೋ, ಎಂಟೋ

ಯಾರ್ಕ್‌ಶೈರಿನ ಫೈಲಿ. ಕಡಲಿಗಿಳಿವ ಇಳಿಜಾರು.
ದೋಣಿ ಎಳೆದೆಳೆದು ಸುಸ್ತಾದ ಟ್ರ್ಯಾಕ್ಟರು
ಏಡಿ ಬುಟ್ಟಿಗಳ ಪಕ್ಕ ಗಾಳಿಗೆ ಮುಖ ಕೊಟ್ಟು ನಿಂತಿದೆ.
ನನ್ನ ಕೈಯಲ್ಲಿ ಹರಾಜು ಕಂಪನಿಯ ಫಾರಂ,
ಅದರಲ್ಲಿ ಮೂರು ಖಾನೆ:
ತಯಾರಕರು, ಮಾದರಿ, ವರ್ಷ.

"ಟ್ರ್ಯಾಕ್ಟರು ಅಂದರೆ ಟ್ರ್ಯಾಕ್ಟರು," ಅನ್ನುತ್ತಾರೆ
ಮಾರ್ಜರಿ ಕ್ಯಾಮಿಷ್, ಎಂಬತ್ತಮೂರು,
ತೀರಿಕೊಂಡ ಗಂಡನ ಗಂಬೂಟಿನಲ್ಲಿ ನಿಂತವರು.
"ಅದಕ್ಕೂ ಜಾತಕ ಬೇಕೇ?"

ಜಾತಕದ ತಗಡು ಬಾನೆಟ್ಟಿನಡಿ ಇರಬೇಕಿತ್ತು.
ಎರಡು ರಿವೆಟ್ಟಿನ ತೂತು ಉಳಿದಿವೆ,
ಓಲೆ ಕಳಚಿದ ಕಿವಿಯ ಹಾಗೆ.

ಮೈಯೆಲ್ಲ ನೀಲಿ. ಹಾಗಾದರೆ ಹೊಲದ್ದು
ಎಂದು ಬರೆದು ಚಹಾಕ್ಕೆ ಹೋಗಬಹುದಿತ್ತು.
ಆದರೆ ಹಿಂದೆ ನೇಗಿಲು ಹಿಡಿಯುವ ತೋಳುಗಳೇ ಇಲ್ಲ,
ಕತ್ತರಿಸಿದ್ದಲ್ಲ, ಹುಟ್ಟಿನಿಂದಲೇ ಇಲ್ಲ.
ಮುಂದಿನ ಅಚ್ಚು ಗೂಳಿಯ ಹೆಗಲಿನಷ್ಟು ದಪ್ಪ.
ಚಾಕುವಿನ ತುದಿಯಲ್ಲಿ ಕೆರೆದೆ:
ನೀಲಿಯಡಿ ಕೆಂಪು,
ಕೆಂಪಿನಡಿ ಬಿಳಿ
("ಅದು ಬಚ್ಚಲುಮನೆಗೆ ತಂದು ಮಿಕ್ಕಿದ್ದು")
ಬಿಳಿಯಡಿ, ಉಗುರಿನಷ್ಟು, ಹಳದಿ.
ಹಳದಿ ಅಂದರೆ ಉಳುವ ಕುಲವಲ್ಲ.
ರಸ್ತೆ, ಬಂದರು, ಇಟ್ಟಿಗೆ ಗೂಡು: ಕೂಲಿ ಕೆಲಸದ ಕುಲ.
ಫೋರ್ಡ್. ಮೂರು ಸಾವಿರದ ನಾನೂರು.
ಎರಡು ಖಾನೆ ತುಂಬಿದವು.

ವರ್ಷ?

ನನ್ನ ಸೋದರಮಾವ ಪುಟ್ಟಮಾದಯ್ಯ ದನದ ದಲ್ಲಾಳಿ.
ಎತ್ತಿನ ತುಟಿ ಎತ್ತಿ, ಬೆರಳಾಡಿಸಿ ಹೇಳುತ್ತಿದ್ದ:
ಎರಡು ಹಲ್ಲು, ನಾಲ್ಕು ಹಲ್ಲು, ಆರು.
ಎಂಟು ಬಂತೋ, ಬಾಯಿಗೂಡಿತು.
ಆಮೇಲೆ ಬಾಯಿ ಏನೂ ಹೇಳಲ್ಲ ಕಣೇ,
ಕೊಂಬು ನೋಡು, ಗೊರಸು ನೋಡು,
ಮಾರುವವರ ಕಣ್ಣು ನೋಡು.

ಇದರ ಹಲ್ಲು ಸ್ಟಾರ್ಟರಿನ ಮೇಲಿನ ಎರಕದಲ್ಲಿ.
ವೈರ್ ಬ್ರಷ್ಷಿನಿಂದ ಉಜ್ಜಿದೆ, ಸೀಮೆಎಣ್ಣೆ ಹಾಕಿ ಒರೆಸಿದೆ,
ಸೀಮೆಸುಣ್ಣ ಬಳಿದೆ.
ಮೆಲ್ಲಗೆ ಒಂದು 'ಸಿ' ಎದ್ದಿತು: ಮಾರ್ಚ್.
ಒಂದು, ಎರಡು: ಹನ್ನೆರಡನೇ ತಾರೀಖು.
'ಬಿ' ಅಂದರೆ ಎರಡನೇ ಪಾಳಿ.
ವರ್ಷಕ್ಕೆ ಮಾತ್ರ ಒಂದೇ ಅಂಕಿ ಕೊಟ್ಟಿದ್ದಾರೆ ಜಿಪುಣರು,
ಉಪ್ಪು ನೆಕ್ಕಿದ್ದು ಅದನ್ನೇ.
ಬಾಯಿ ತೆರೆದಿದ್ದರೆ ಮೂರು,
ಕೂಡಿದ್ದರೆ ಎಂಟು.
ಎಪ್ಪತ್ತಮೂರಾದರೆ ಅದೊಂದು ಸೋಮವಾರ,
ಅರವತ್ತೆಂಟಾದರೆ ಮಂಗಳವಾರ,
ಊಟ ಮುಗಿಸಿ ಬಂದ ಯಾರೋ ಒಬ್ಬ
ಕೈ ಒರೆಸಿಕೊಂಡು ಹೊಡೆದ ಐದು ಅಚ್ಚು, ಐದು ಏಟು.

ಕಣ್ಣಿಗೆ ಸಿಗದ್ದು ಬೆರಳಿಗೆ ಸಿಕ್ಕೀತೆಂದು
ಎಣ್ಣೆ ಒರೆಸುವ ಬಟ್ಟೆಯಡಿ ಕೈ ತೂರಿಸಿ ತಡವಿದೆ.
ಮಾವನ ವ್ಯಾಪಾರವೂ ಹೀಗೇ. ಟವೆಲಿನಡಿ
ಬೆರಳು ಬೆರಳಿಗೆ ಬೆಲೆ ಹೇಳುತ್ತಿತ್ತು,
ಮೇಲೆ ಮಾತೆಲ್ಲ ಹೊಗೆಸೊಪ್ಪಿನದು.

ಮಾರ್ಜರಿಯೂ ಕೈಗವಸು ಕಳಚಿ
ಬಟ್ಟೆಯಡಿ ಕೈ ಕಳಿಸಿದರು.
ನನ್ನ ಬೆರಳಿಗೆ ತಾಗಿತು, ಮಂಜಿನಂಥ ಬೆರಳು, ಸರಿಯಿತು.
ಕಡಲ ಕಡೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು.
"ಎಂಟು."
"ಅಂಕಿ ಸಿಕ್ಕಿತೇ?"
"ಇಲ್ಲಮ್ಮ, ಅಲ್ಲಿರುವುದು ಬರೀ ಗುಳಿ.
ವಿಲ್ಫ್ರೆಡ್ ಇದನ್ನು ಇಟ್ಟಿಗೆ ಗೂಡಿನವನಿಂದ ತಂದದ್ದು ಎಪ್ಪತ್ತನಾಲ್ಕರಲ್ಲಿ.
ಎಂಬತ್ತು ಪೌಂಡು. ರಾತ್ರಿ ಹೊತ್ತು ಓಡಿಸಿಕೊಂಡು ಬಂದ.
ಒಂದು ವರ್ಷದ ಗಾಡಿಯನ್ನು ಎಂಬತ್ತಕ್ಕೆ ಯಾರು ಕೊಡುತ್ತಾರೆ?"

ಕೊಡುತ್ತಾರೆ.
ಕೊಡುವವನದಲ್ಲದಿದ್ದರೆ ಕೊಡುತ್ತಾರೆ.
ರಿವೆಟ್ಟಿನ ತೂತನ್ನು ಇನ್ನೊಮ್ಮೆ ನೋಡಿದೆ.
ಉಪ್ಪು ತಿಂದದ್ದಲ್ಲ. ಡ್ರಿಲ್ಲು ಹಾಕಿದ್ದು,
ಗುಂಡಗೆ, ನಿಧಾನವಾಗಿ, ಗೊತ್ತಿದ್ದವರ ಕೈಯಿಂದ.
ಅದರ ಮೇಲೆ ಮೂರು ಬಣ್ಣ.

ಮಾರ್ಜರಿಯ ಕಣ್ಣು ನೋಡಿದೆ.
ನೀರಿತ್ತು. ಗಾಳಿಯೂ ಇತ್ತು.

ಮೂರನೇ ಖಾನೆಯಲ್ಲಿ ಅರವತ್ತೆಂಟು ಎಂದು
ಪೆನ್ನು ಒತ್ತಿ ಬರೆದೆ,
ಎಂಟಿನ ಬಾಯನ್ನು
ಬಿಗಿಯಾಗಿ ಕೂಡಿಸಿ.